ರಾತ್ರಿ ಶಾರ್ಕ್ ಎಲ್ಲಿಗೂ ಹೋಗಿಲ್ಲ

ಪ್ರಶ್ನೆ: ಶಾರ್ಕಿಗೆ ಹಾಕಿದ ಅಕೌಸ್ಟಿಕ್ ಟ್ಯಾಗ್ (ಸದ್ದಿನಲ್ಲಿ ತನ್ನ ಗುರುತು ಸಾರುವ ಪುಟ್ಟ ಸಾಧನ) ಹಗಲಲ್ಲಿ ಜಾಸ್ತಿ ದಾಖಲಾಗುತ್ತದೆ, ರಾತ್ರಿ ಕಡಿಮೆ. ಅಂದರೆ ಅದು ರಾತ್ರಿ ಹವಳದ ದಿಬ್ಬ ಬಿಟ್ಟು ಹೋಗುತ್ತದೆ ಅಲ್ವಾ?

ಉತ್ತರ: ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ನೀರಿನಲ್ಲಿ ಇಳಿಬಿಟ್ಟ ನಿಮ್ಮ ರಿಸೀವರ್ ಶಾರ್ಕನ್ನು ನೋಡುವುದಿಲ್ಲ ಮಾರಾಯ್ರೇ, ಬರೀ ಕೇಳುತ್ತದೆ. ಟ್ಯಾಗ್ ಹೊರಡಿಸುವ, ಸಾಮಾನ್ಯವಾಗಿ 69 ಕಿಲೋಹರ್ಟ್ಸ್‌ನ ಸಾಲು ಸಾಲು ಪಿಂಗ್‌ಗಳು (ಚುಟುಕು ಸದ್ದುಗಳು) ಸೇರಿ ಒಂದು ಗುರುತಿನ ಸಂಖ್ಯೆ. ನಡುವೆ ಒಂದು ಪಿಂಗ್ ತಪ್ಪಿದರೂ ಸಂಖ್ಯೆ ಕೆಟ್ಟಿತು. ಫೋನ್ ನಂಬರಿನ ಒಂದು ಅಂಕಿ ಕೇಳಿಸದ ಹಾಗೆ.

ಕತ್ತಲಾದರೆ ಹವಳದ ದಿಬ್ಬದಲ್ಲಿ ಚಿಟಿಕೆ ಹೊಡೆಯುವ ಸೀಗಡಿಗಳ ಗಲಾಟೆ ಹೆಚ್ಚುವುದು ಮಾಮೂಲು. ಒಂದೊಂದೂ ದಪ್ಪ ಕೊಂಡಿಯನ್ನು ಪಟ್ಟನೆ ಮುಚ್ಚುತ್ತದೆ, ನೀರಿನಲ್ಲಿ ಗುಳ್ಳೆಯೆದ್ದು ಒಡೆಯುತ್ತದೆ. ಸಾವಿರಾರು ಸೇರಿದರೆ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಪಟ. ಟ್ಯಾಗ್‌ನ ಸಣ್ಣ ದನಿ ಅದರಲ್ಲೇ ಮುಳುಗುತ್ತದೆ. ಗಾಳಿ ಜೋರಾದರೆ ಅಲೆ ಒಡೆದು ಮೇಲ್ನೀರಲ್ಲಿ ಗುಳ್ಳೆ ತುಂಬುತ್ತದೆ. ಆ ಗುಳ್ಳೆಗಳೂ ಸದ್ದು ನುಂಗುತ್ತವೆ.

ಬಿಸಿಲಿನದು ಇನ್ನೊಂದು ಆಟ. 1930ರ ದಶಕದಲ್ಲಿ ಕ್ಯೂಬಾದ ಗ್ವಾಂಟನಾಮೊ ಬಳಿ ಅಮೆರಿಕದ ನೌಕಾಪಡೆಯ ಸೋನಾರ್ (ಸದ್ದು ಬಿಟ್ಟು ನೀರೊಳಗಿನ ಗುರಿ ಹುಡುಕುವ ಯಂತ್ರ) ಬೆಳಿಗ್ಗೆ ಚೆನ್ನಾಗಿ ಕೆಲಸ ಮಾಡಿ ಮಧ್ಯಾಹ್ನ ಕೈಕೊಡುತ್ತಿತ್ತು. ಊಟವಾದ ಮೇಲೆ ಸಿಬ್ಬಂದಿ ತೂಕಡಿಸುತ್ತಾರೆ ಎಂಬ ಅನುಮಾನವೂ ಬಂತಂತೆ! ಪಾಪ. ಬಿಸಿಲಿಗೆ ಮೇಲಿನ ನೀರು ಕಾದಿತ್ತು, ಅಷ್ಟೇ. ತಣ್ಣೀರಲ್ಲಿ ಸದ್ದಿನ ವೇಗ ಕಡಿಮೆ, ಹಾಗಾಗಿ ಅದು ತಣ್ಣಗಿನ ಕಡೆಗೇ ಬಾಗುತ್ತದೆ. ಸೋನಾರ್ ಸದ್ದು ಕೆಳಕ್ಕೆ ಬಾಗಿ ಗುರಿಯ ಅಡಿಯಿಂದ ಹೋಗುತ್ತಿತ್ತು. ನಿಮ್ಮ ರಿಸೀವರ್ ಬಿಸಿ ಪದರದಲ್ಲಿ ತೂಗಾಡುತ್ತಾ, ಶಾರ್ಕ್ ಕೆಳಗಿನ ತಣ್ಣೀರಲ್ಲಿದ್ದರೆ ನಿಮ್ಮ ಪಾಡೂ ಅದೇ.

ಏನು ಮಾಡಬೇಕು? ಅಂಥದೇ ಒಂದು ಟ್ಯಾಗನ್ನು ಕಾಂಕ್ರೀಟ್ ಬ್ಲಾಕಿಗೆ ಕಟ್ಟಿ, ರಿಸೀವರಿನಿಂದ ಅಳತೆಯ ದೂರದಲ್ಲಿ ಇಳಿಸಿ. ಪೂರ್ತಿ ಅಧ್ಯಯನ ಮುಗಿಯುವವರೆಗೂ ಅಲ್ಲೇ ಇರಲಿ, ಎರಡು ದಿನದ ಶಾಸ್ತ್ರಕ್ಕಲ್ಲ. ಅದೂ ರಾತ್ರಿ ಕಡಿಮೆ ಕೇಳಿಸಿದರೆ? ಬ್ಲಾಕ್ ಈಜಿಕೊಂಡು ಹೋಯಿತು ಅನ್ನುತ್ತೀರಾ? ನಾನಂತೂ ಈ ಬ್ಲಾಕ್ ಇಲ್ಲದ ಹಗಲು-ರಾತ್ರಿ ಗ್ರಾಫನ್ನು ನೋಡುವುದೇ ಇಲ್ಲ.

ಪ್ರಶ್ನೆ: ಇಷ್ಟೆಲ್ಲಾ ಯಾಕೆ, ಜಿಪಿಎಸ್ ಹಾಕಬಾರದೇ?

ಉತ್ತರ: ಜಿಪಿಎಸ್ ಸಂಕೇತ ಉಪ್ಪುನೀರಿನೊಳಗೆ ಇಳಿಯುವುದಿಲ್ಲ. ಮೇಲೆ ಬಂದು ಉಸಿರಾಡುವ ಆಮೆಗೆ ಸರಿ.

ಪ್ರಶ್ನೆ: ‘ಯಾವ ಹವೆಯಲ್ಲೂ ಒಂದು ಕಿಲೋಮೀಟರ್ ದೂರಕ್ಕೆ ಕೇಳಿಸುವುದು ಖಾತ್ರಿ’ ಎಂದು ಟ್ಯಾಗ್, ರಿಸೀವರ್ ಮಾರುತ್ತಾರೆ. ತಗೊಳ್ಳಲೇ?

ಉತ್ತರ: ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಗಾಳಿಯಲ್ಲಿ ಅಳೆದಿರಿ ಅಂತ ಕೇಳಿ. ತಡವರಿಸಿದರೆ ಫೋನ್ ಇಡಿ.