ಟ್ರೇಲರ್ ಕಟ್ಟಿಕೊಂಡು ಅಡಿಲೇಡ್‌ಗೆ ಹೊರಟ ತಮ್ಮನಿಗೆ

ತಮ್ಮಾ,

ನಿನ್ನ ಪ್ರಶ್ನೆ ಓದಿದಾಗ ನಾನು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗುಲಿಯಲ್ಲಿ ಕೂತಿದ್ದೆ. ಅಡಿಕೆ ಕೊಯ್ಲು ನಡೀತಾ ಇದೆ, ಅದಕ್ಕೆ ಮೆಲ್ಬರ್ನ್‌ನಿಂದ ರಜೆ ಹಾಕಿ ಬಂದಿದ್ದೇನೆ. ನೀನು ಸಾಗರದಿಂದ ಮೆಲ್ಬರ್ನ್‌ಗೆ ಹೋಗಿ ಐದು ತಿಂಗಳಾಯಿತು. ಈಗ ಅಡಿಲೇಡ್‌ನಲ್ಲಿ ಕೆಲಸ ಸಿಕ್ಕಿದೆ, ಜನವರಿ ಕೊನೆಗೆ ಹೆಂಡತಿ, ಮಗು, ಸಾಮಾನು ಸಮೇತ ಅಲ್ಲಿಗೆ ಹೋಗಬೇಕು. ನಿನ್ನ ಕಾರಿನ ಪುಸ್ತಕದಲ್ಲಿ ಹಿಂದೆ ಕಟ್ಟಿ ಎಳೆಯುವ ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಸಾಮಾನು ಸೇರಿ 450 ಕೆ.ಜಿ.ವರೆಗೆ, ಬ್ರೇಕ್ ಇದ್ದರೆ 1300 ಕೆ.ಜಿ.ವರೆಗೆ ಎಳೆಯಬಹುದು ಎಂದು ಬರೆದಿದೆ. ಬಾಡಿಗೆ ಕೊಡುವವರು 750 ಕೆ.ಜಿ.ಯ ಟ್ರೇಲರ್ ತೋರಿಸಿ ಇದು ಸಾಕು ಎಂದರು. ತಗೊಂಡು ಹೋಗಬಹುದಾ ಅಣ್ಣ, ಇಲ್ಲಿನ ಬದುಕೇ ಹೀಗಾ, ಎಲ್ಲಾ ನಾವೇ ಮಾಡಿಕೊಳ್ಳಬೇಕಾ ಅಂತ ಕೇಳಿದ್ದೀಯ.

ಹೌದು, ಬದುಕು ಹೀಗೇ. ಶಿವಮೊಗ್ಗದಲ್ಲಿ ಮನೆ ಬದಲಿಸುವಾಗ ಒಂದು ಲಗೇಜ್ ಗಾಡಿಗೆ ಫೋನ್ ಮಾಡಿದರೆ ಆಯಿತು. ಗಾಡಿ ಜೊತೆ ಇಬ್ಬರು ಬರುತ್ತಾರೆ, ಹಗ್ಗ ಅವರೇ ತರುತ್ತಾರೆ, ಬೀರು ಎಲ್ಲಿಡಬೇಕು ಅಂತ ಅವರಿಗೇ ಗೊತ್ತಿರುತ್ತದೆ. ಆಸ್ಟ್ರೇಲಿಯಾದಲ್ಲಿ ಕೂಲಿ ಜಾಸ್ತಿ. ಹಾಗಾಗಿ ಮನೆಗೆ ಬಣ್ಣ ಬಳಿಯುವುದರಿಂದ ಹಿಡಿದು ಫ್ರಿಜ್ ಸಾಗಿಸುವವರೆಗೆ ಜನ ತಾವೇ ಮಾಡಿಕೊಳ್ಳುತ್ತಾರೆ. ಪೆಟ್ರೋಲ್ ಬಂಕಿನಲ್ಲೂ ಟ್ರೇಲರ್ ಬಾಡಿಗೆಗೆ ಸಿಗುತ್ತದೆ. ನಿನಗೆ ಅದನ್ನು ಎಳೆಯಲು ಬರುತ್ತದಾ ಅಂತ ಯಾರೂ ಪರೀಕ್ಷೆ ಮಾಡುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದು.

ಮೊದಲು ಆ 750ರ ಲೆಕ್ಕ. ಅದು ಟ್ರೇಲರ್ ತಡೆಯುವ ಭಾರ, ನಿನ್ನ ಕಾರು ಎಳೆಯಬಹುದಾದ ಭಾರ ಅಲ್ಲ. ಅಲ್ಲಿನ ಕಾನೂನಿನಲ್ಲಿ 750 ಕೆ.ಜಿ.ವರೆಗಿನ ಟ್ರೇಲರ್‌ಗೆ ಬ್ರೇಕ್ ಬೇಕಿಲ್ಲ. ಅದಕ್ಕೇ ಆ ಅಳತೆಯದು ಎಲ್ಲಾ ಕಡೆ ಸಿಗುತ್ತದೆ. ಆದರೆ ನಿನ್ನ ಕಾರಿಗೆ ಬ್ರೇಕ್ ಇಲ್ಲದ ಟ್ರೇಲರ್ 450 ಮಾತ್ರ. ಕಾರು, ಟ್ರೇಲರ್, ಟ್ರೇಲರ್ ಸಿಕ್ಕಿಸಲು ಕಾರಿನ ಹಿಂದೆ ಇರುವ ಟೋ ಬಾರ್ ಎಂಬ ಕಬ್ಬಿಣದ ತೋಳು, ಅದರ ತುದಿಯ ಗುಂಡು, ಇವು ನಾಲ್ಕರಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ನಿನ್ನ ಮಿತಿ. ಈಗ ಕೂಡಿಸಿ ನೋಡು. ಖಾಲಿ ಟ್ರೇಲರೇ ಸುಮಾರು 250 ಕೆ.ಜಿ. ಉಳಿದದ್ದು 200. ಫ್ರಿಜ್ 75, ವಾಷಿಂಗ್ ಮೆಷಿನ್ 70, ಮಂಚ ಹಾಸಿಗೆ 60 ಎಂದು ಹಿಡಿದರೂ 205 ಆಯಿತು. ಅಕ್ಕಿ ಚೀಲ, ಗ್ರೈಂಡರ್, ಪುಸ್ತಕದ ಡಬ್ಬ ಇನ್ನೂ ಹತ್ತಿಲ್ಲ.

"ಎಂಜಿನ್ ಎಳೆಯುತ್ತೆ ಬಿಡು" ಅಂತ ಯಾರಾದರೂ ಹೇಳಬಹುದು. ಎಳೆಯುತ್ತೆ, ನಿಜ. ಎಳೆಯುವುದು ಯಾವತ್ತೂ ಸಮಸ್ಯೆ ಅಲ್ಲ ಮಾರಾಯ. ನಿಲ್ಲಿಸುವುದು, ನೇರವಾಗಿ ಇಟ್ಟುಕೊಳ್ಳುವುದು, ಕಷ್ಟ ಇರುವುದು ಅಲ್ಲಿ. ಬ್ರೇಕ್ ಇಲ್ಲದ ಟ್ರೇಲರಿನ ಭಾರ ಪೂರ್ತಿ ನಿನ್ನ ಕಾರಿನ ನಾಲ್ಕು ಬ್ರೇಕುಗಳ ಮೇಲೇ ಬೀಳುತ್ತದೆ.

ಹಾಗಾಗಿ ನನ್ನ ಮಾತು ಕೇಳಿದರೆ ಎರಡೇ ದಾರಿ. ಫ್ರಿಜ್, ವಾಷಿಂಗ್ ಮೆಷಿನ್ ಮೆಲ್ಬರ್ನ್‌ನಲ್ಲೇ ಮಾರಿಬಿಡು, ಅಡಿಲೇಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೋ. ಇಲ್ಲದಿದ್ದರೆ ಬ್ರೇಕ್ ಇರುವ ಟ್ರೇಲರನ್ನೇ ಕೇಳಿ ಪಡೆ. ಬಾಡಿಗೆಯವುಗಳಲ್ಲಿ ಹೆಚ್ಚಾಗಿ ಓವರ್‌ರೈಡ್ ಬ್ರೇಕ್ ಇರುತ್ತದೆ. ನೀನು ಕಾರು ನಿಧಾನ ಮಾಡಿದಾಗ ಟ್ರೇಲರ್ ಮುಂದಕ್ಕೆ ನುಗ್ಗುತ್ತದಲ್ಲಾ, ಆ ನುಗ್ಗುವಿಕೆಯೇ ಗುಂಡಿನ ಮೇಲೆ ಕೂರುವ ಟ್ರೇಲರಿನ ಕೊಂಡಿಯ ಜಾಗದಲ್ಲಿ ಒತ್ತಿ ಅದರ ಬ್ರೇಕ್ ಹಿಡಿಸುತ್ತದೆ. ಕಾರಿಗೆ ಬೇರೆ ಯಂತ್ರ ಏನೂ ಜೋಡಿಸಬೇಕಿಲ್ಲ. ನಾಲ್ಕು ಡಾಲರ್ ಹೆಚ್ಚು ಕೇಳಿದರೂ ಕೊಡು. ಮಗು ಹಿಂದಿನ ಸೀಟಿನಲ್ಲಿರುತ್ತದೆ.

ಈಗ ಭಾರ ತುಂಬುವ ವಿಷಯ. ಇದೊಂದನ್ನು ಸರಿ ಮಾಡಿದರೆ ಅರ್ಧ ಗೆದ್ದ ಹಾಗೆ.

ನಿನ್ನೆ ಮಧ್ಯಾಹ್ನ ತೋಟದಲ್ಲಿ ಟಿಲ್ಲರ್ ಗಾಡಿಗೆ ಅಡಿಕೆ ಕೊನೆ ತುಂಬುತ್ತಿದ್ದರು. ಹೊಸ ಹುಡುಗನೊಬ್ಬ ಒಳಗೆ ಹತ್ತುವ ಬದಲು ಹಿಂದಿನ ಬಾಗಿಲ ಹತ್ತಿರವೇ ಕೊನೆಗಳನ್ನು ರಾಶಿ ಹಾಕುತ್ತಿದ್ದ. ಎತ್ತಿನಗಾಡಿ ಹೊಡೆದು ಕೈ ಪಳಗಿದ ಹಿರಿಯರೊಬ್ಬರು ನಮ್ಮಲ್ಲಿ ಕೆಲಸಕ್ಕಿದ್ದಾರೆ. ಅವರು ದೂರದಿಂದಲೇ ಕೂಗಿದರು, "ಮುಂದೆ ತಳ್ಳೋ, ಹಿಂಭಾರ ಆಗ್ತದೆ!" ಆಮೇಲೆ ನನಗೆ ಹೇಳಿದರು: ಗಾಡಿ ಹಿಂಭಾರ ಆದರೆ ಮೂಕಿ ಮೇಲೆದ್ದು ನೊಗ ಎತ್ತಿನ ಹೆಗಲು ಬಿಟ್ಟು ಏಳುತ್ತದೆ, ಕೊರಳಿನ ಹಗ್ಗ ಗಂಟಲಿಗೆ ಬಿಗಿಯುತ್ತದೆ. ಮುಂಭಾರ ಜಾಸ್ತಿ ಆದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಕೈಯಲ್ಲಿ ಮೂಕಿ ಎತ್ತಿದಾಗ ಹದವಾಗಿ ಭಾರ ಸಿಗಬೇಕು.

ಕಾರಿನ ಟ್ರೇಲರ್‌ಗೂ ಇದೇ ಲೆಕ್ಕ. ಅಲ್ಲಿ ಹತ್ತರಲ್ಲಿ ಒಂದು ಪಾಲು ಅನ್ನುತ್ತಾರೆ. ಟ್ರೇಲರ್ ಮತ್ತು ಸಾಮಾನು ಸೇರಿ 700 ಕೆ.ಜಿ. ಇದ್ದರೆ ಸುಮಾರು 70 ಕೆ.ಜಿ. ಕಾರಿನ ಗುಂಡಿನ ಮೇಲೆ ಕೂರಬೇಕು. ಅಳೆಯುವುದು ಸುಲಭ. ಸಮತಟ್ಟು ಜಾಗದಲ್ಲಿ, ಟ್ರೇಲರ್ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಕೊಟ್ಟು, ನಾವು ತೂಕ ನೋಡಿಕೊಳ್ಳುವ ಮನೆಯ ತಕ್ಕಡಿಯನ್ನೇ ಕೊಂಡಿಯ ಕೆಳಗಿಡು. ಅದರ ಮೇಲೆ ಗಟ್ಟಿ ಮರದ ತುಂಡೊಂದನ್ನು ನಿಲ್ಲಿಸು. ಕೊಂಡಿಯನ್ನು ಕಾರಿನ ಗುಂಡಿನ ಎತ್ತರಕ್ಕೇ ಬರುವ ಹಾಗೆ ಆ ಮರದ ಮೇಲೆ ನಿಧಾನವಾಗಿ ಇಳಿಸು. ಟ್ರೇಲರಿನ ಮೂತಿಯನ್ನು ಎತ್ತಿ ಇಳಿಸುವ ಮುಂದಿನ ಪುಟ್ಟ ಜಾಕಿ ಚಕ್ರ ನೆಲ ಬಿಟ್ಟಿರಬೇಕು. ತಕ್ಕಡಿ ತೋರಿಸಿದ್ದೇ ಗುಂಡಿನ ಭಾರ. ಕಡಿಮೆ ಬಂದರೆ ಭಾರದ ಸಾಮಾನು ಒಂದು ಗೇಣು ಮುಂದೆ ಸರಿಸು, ಮತ್ತೆ ನೋಡು. ಕಾರಿನ ಪುಸ್ತಕದಲ್ಲಿ ಈ ಭಾರಕ್ಕೂ ಒಂದು ಮಿತಿ ಬರೆದಿರುತ್ತದೆ, ಅದನ್ನು ದಾಟಬಾರದು. ತೀರಾ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೇರಿಂಗ್ ಹಿಡಿತಕ್ಕೆ ಸಿಗುವುದಿಲ್ಲ.

ಫ್ರಿಜ್, ಮೆಷಿನ್‌ನಂಥ ಭಾರದ್ದು ಅಚ್ಚಿನ ನೇರಕ್ಕೆ, ಕೂದಲೆಳೆ ಮುಂದೆ, ತಳಕ್ಕೆ ಅಂಟಿಕೊಂಡು ಇರಲಿ. ಹಗುರದ್ದು ಮೇಲೆ, ಹಿಂದೆ. ಎಡ ಬಲ ಸಮ ಇರಲಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಹೋದ ಎರಡನೇ ವರ್ಷ ಜಿಲಾಂಗ್‌ನಿಂದ ಮೆಲ್ಬರ್ನ್‌ಗೆ ಮನೆ ಬದಲಿಸಿದೆ. ಮನೆಯೊಳಗಿನಿಂದ ಮೊದಲು ಹಾಸಿಗೆ, ಬಟ್ಟೆ ಬಂತು, ಅದನ್ನು ಟ್ರೇಲರಿನ ಮುಂದೆ ಹಾಕಿದೆ. ಫ್ರಿಜ್ ಕೊನೆಗೆ ಹೊರಬಂತು, ಅದು ಹಿಂದಿನ ಬಾಗಿಲಲ್ಲಿ ನಿಂತಿತು. ಊರೊಳಗೆ ಏನೂ ಗೊತ್ತಾಗಲಿಲ್ಲ. ಹೆದ್ದಾರಿಗೆ ಬಂದು ವೇಗ 95 ದಾಟಿದಾಗ ಹಿಂದಿನಿಂದ ಟಕ್, ಟಕ್ ಎಂದು ಸದ್ದು. ಕೊಂಡಿ ಗುಂಡಿನ ಮೇಲೆ ಎದ್ದೆದ್ದು ಕೂರುತ್ತಿತ್ತು. ಅಷ್ಟರಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲಿ ದಾಟಿತು. ಅದರ ಗಾಳಿಗೆ ಟ್ರೇಲರ್ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋದಾಗ ಕಾರಿನ ಹಿಂಭಾಗವನ್ನೂ ಎಳೆದುಕೊಂಡೇ ಹೋಯಿತು. ನಾನು ಸ್ಟೇರಿಂಗ್ ತಿರುಗಿಸಿ ಸರಿ ಮಾಡಲು ಹೋದೆ. ಪ್ರತಿ ಸಲ ತಿರುಗಿಸಿದಾಗಲೂ ಓಲಾಟ ದೊಡ್ಡದಾಯಿತು. ಕನ್ನಡಿಯಲ್ಲಿ ನನ್ನದೇ ಫ್ರಿಜ್ ಒಂದು ಸಲ ಎಡಗಡೆ, ಒಂದು ಸಲ ಬಲಗಡೆ ಕಾಣುತ್ತಿತ್ತು. ಪಕ್ಕದಲ್ಲಿದ್ದ ಹೆಂಡತಿ "ಕಾಲು ತೆಗೀರಿ" ಎಂದು ಕೂಗಿದಳು. ತೆಗೆದೆ. ವೇಗ 60ಕ್ಕೆ ಇಳಿಯುವಷ್ಟರಲ್ಲಿ ತಾನಾಗಿ ನಿಂತಿತು. ಅವಳು ಹೇಳಿದ್ದೇ ಸರಿಯಾದ ಉಪಾಯ ಅಂತ ಆಮೇಲೆ ಕಲಿತೆ.

ಹಿಂಭಾರದ ಟ್ರೇಲರ್ ಲೋಲಕದ ಹಾಗೆ. ಕಡಿಮೆ ವೇಗದಲ್ಲಿ ಓಲಾಡಿದರೂ ತಣ್ಣಗಾಗುತ್ತದೆ. ಒಂದು ವೇಗ ದಾಟಿದ ಮೇಲೆ ಪ್ರತಿ ಓಲಾಟ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಹೋಗುತ್ತದೆ. ಹಾಗೇನಾದರೂ ಆದರೆ ಸ್ಟೇರಿಂಗ್ ನೇರ ಹಿಡಿ, ಎಕ್ಸಲರೇಟರ್‌ನಿಂದ ಕಾಲು ತೆಗಿ, ಬ್ರೇಕ್ ಗಟ್ಟಿಯಾಗಿ ಒತ್ತಬೇಡ. ವೇಗ ಹೆಚ್ಚಿಸಿ ನೇರ ಮಾಡುತ್ತೇನೆ ಅಂತ ಹೋಗಲೇಬೇಡ. ನಿಂತ ಮೇಲೆ ಭಾರವನ್ನು ಮತ್ತೆ ಜೋಡಿಸದೆ ಮುಂದೆ ಹೋಗಬೇಡ.

ಕೊಂಡಿ ಹಾಕುವುದು ದೊಡ್ಡ ವಿಷಯ ಅಲ್ಲ, ಆದರೆ ಒಂದೂ ಬಿಡುವಂತಿಲ್ಲ. ಅಲ್ಲಿ ಗುಂಡು 50 ಮಿ.ಮೀ. ಅಳತೆಯದು. ಕೊಂಡಿ ಕೂತು ಲಾಕ್ ಆದ ಮೇಲೆ ಜಾಕಿ ಚಕ್ರವನ್ನು ತಿರುಗಿಸಿ ಸ್ವಲ್ಪ ಎತ್ತಿ ನೋಡು. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಕೊಂಡಿ ಹಿಡಿದಿದೆ ಅಂತ ಅರ್ಥ. ಆಮೇಲೆ ಆ ಚಕ್ರವನ್ನು ಪೂರ್ತಿ ಮೇಲೆತ್ತಿ ಕಟ್ಟು. ಸರಪಳಿ ಎರಡಿದ್ದರೆ ಕೊಂಡಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಹಾಕು. ಕೊಂಡಿ ಕಳಚಿದರೂ ಟ್ರೇಲರಿನ ಮೂತಿ ರಸ್ತೆಗೆ ತಾಗದೆ ಸರಪಳಿಯ ಮೇಲೆ ಕೂರುತ್ತದೆ. ದೀಪದ ಪ್ಲಗ್ ಹಾಕಿ, ನಿನ್ನ ಹೆಂಡತಿಯನ್ನು ಹಿಂದೆ ನಿಲ್ಲಿಸಿ, ಇಂಡಿಕೇಟರ್, ಬ್ರೇಕ್ ದೀಪ ಒಂದೊಂದಾಗಿ ಹಾಕಿ ಕೇಳು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಮಾಡಿದ ಟೈರ್. ಬಾಡಿಗೆ ಟ್ರೇಲರಿನ ಟೈರ್ ಸವೆಯದಿದ್ದರೂ ಬಿಸಿಲಿಗೆ ನಿಂತು ನಿಂತು ಬಿರುಕು ಬಿಟ್ಟಿರಬಹುದು. ಬಿರುಕು ಕಂಡರೆ ಬೇರೆ ಟ್ರೇಲರ್ ಕೇಳು. ಸಾಮಾನು ಕಟ್ಟಲು ಬರೀ ಹಗ್ಗ ಸಾಲದು, ಹಿಡಿ ಆಡಿಸಿ ಬಿಗಿ ಮಾಡುವ ರ‍್ಯಾಚೆಟ್ ಬೆಲ್ಟ್ ತಗೋ. ಹೊರಟು ಇಪ್ಪತ್ತು ಮೂವತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸು. ಬೆಲ್ಟ್ ಸಡಿಲ ಆಗಿಯೇ ಇರುತ್ತದೆ, ಬಿಗಿ ಮಾಡು. ಚಕ್ರದ ನಡುಭಾಗದ ಹತ್ತಿರ ಕೈ ಹಿಡಿದು ಬಿಸಿ ಆಗಿದೆಯಾ ನೋಡು.

ಲೈಸೆನ್ಸ್ ವಿಷಯ ಒಂದು ಸಾಲು. ನಿನ್ನದು ಪೂರ್ತಿ ಲೈಸೆನ್ಸ್ ಆಗಿದ್ದರೆ ತೊಂದರೆ ಇಲ್ಲ. ವಿಕ್ಟೋರಿಯಾದಲ್ಲಿ ಹೊಸ ಚಾಲಕರಿಗೆ ಕೊಡುವ ಕೆಂಪು 'ಪಿ' ಹಲಗೆಯ ಲೈಸೆನ್ಸ್ ಆದರೆ ಹೀಗೆ ಮನೆ ಸಾಮಾನಿಗೆಂದು ಒಬ್ಬನೇ ಟ್ರೇಲರ್ ಎಳೆಯುವಂತಿಲ್ಲ. ನಿನ್ನ ವಿಮೆಯಲ್ಲಿ ಟ್ರೇಲರ್‌ಗೆ ಏನು ಬರೆದಿದೆ ಅಂತಲೂ ಓದಿಕೋ.

ಇನ್ನು ದಾರಿ. ಮೆಲ್ಬರ್ನ್‌ನಿಂದ ಅಡಿಲೇಡ್‌ಗೆ ಸುಮಾರು 730 ಕಿ.ಮೀ. ಬ್ಯಾಲರಾಟ್, ಹಾರ್ಶಮ್, ಬಾರ್ಡರ್‌ಟೌನ್, ಮರ‍್ರೇ ಬ್ರಿಜ್ ಹೀಗೆ ಹೋಗುತ್ತದೆ. ರಸ್ತೆಯಲ್ಲಿ 110 ಅಂತ ಬೋರ್ಡ್ ಇರುತ್ತದೆ. ನೀನು 90ರ ಮೇಲೆ ಹೋಗಬೇಡ, ಬಾಡಿಗೆಯವರು ಅದಕ್ಕಿಂತ ಕಡಿಮೆ ಹೇಳಿದ್ದರೆ ಅಷ್ಟೇ. ಎಡಗಡೆ ಸಾಲಿನಲ್ಲೇ ಇರು. ಮುಂದಿನ ಗಾಡಿಗೂ ನಿನಗೂ ಮಾಮೂಲಿಗಿಂತ ಎರಡರಷ್ಟು ಅಂತರ ಬಿಡು. ತಿರುವಿನಲ್ಲಿ ಟ್ರೇಲರ್ ಚಕ್ರ ಒಳಗೆ ಕತ್ತರಿಸಿಕೊಂಡು ಬರುತ್ತದೆ, ಸ್ವಲ್ಪ ಅಗಲಕ್ಕೆ ತಿರುಗಿಸು. ಮುಸ್ಸಂಜೆಗೆ ಕಾಂಗರೂ ರಸ್ತೆಗೆ ಹಾರುತ್ತವೆ. ಟ್ರೇಲರ್ ಇರುವಾಗ ಥಟ್ಟನೆ ಪಕ್ಕಕ್ಕೆ ತಿರುಗಿಸಿದರೆ ಉಳಿಯುವುದು ಕಷ್ಟ. ಹಾಗಾಗಿ ಹಗಲಲ್ಲೇ ಓಡಿಸು, ರಾತ್ರಿ ಹಾರ್ಶಮ್‌ನಲ್ಲಿ ಉಳಿದುಕೋ. ಇನ್ನೊಂದು ಮಾತು, ಸೌತ್ ಆಸ್ಟ್ರೇಲಿಯಾ ಗಡಿಯೊಳಗೆ ಹಣ್ಣು ತರಕಾರಿ ಒಯ್ಯಲು ಬಿಡುವುದಿಲ್ಲ, ಹಣ್ಣಿನ ನೊಣದ ಭಯ ಅವರಿಗೆ. ಮಗುವಿಗೆ ಇಟ್ಟುಕೊಂಡ ಸೇಬನ್ನು ಗಡಿಗೆ ಮೊದಲೇ ಮುಗಿಸಿ.

ದಾರಿಯುದ್ದಕ್ಕೂ ಬಯಲು. ನಮ್ಮ ಕಡೆಯವರಿಗೆ ಬೇಜಾರು ಬರುವಷ್ಟು ಬಯಲು. ಆಯಾಸ ಆಗಿ, ಇನ್ನೇನು ಊರು ಬಂತು ಅನ್ನುವಾಗಲೇ ಅಡಿಲೇಡ್ ಬೆಟ್ಟದ ಇಳಿಜಾರು ಸಿಗುತ್ತದೆ. ಕ್ರ್ಯಾಫರ್ಸ್ ಎಂಬ ಊರಿನಿಂದ ಸುರಂಗದ ಮೂಲಕ ಹಾದು ಗ್ಲೆನ್ ಓಸ್ಮಂಡ್‌ವರೆಗೆ ಒಂದೇ ಸಮ ಇಳಿಯುತ್ತದೆ. ಕೊನೆಗೆ ಸಿಗುವುದು ಸಿಗ್ನಲ್. ಬ್ರೇಕ್ ಹೋದ ಲಾರಿಗಳಿಗೆಂದೇ ಪಕ್ಕದಲ್ಲಿ ಜಲ್ಲಿಕಲ್ಲಿನ ದಾರಿ ಮಾಡಿಟ್ಟಿದ್ದಾರೆ. ಲಾರಿ, ಬಸ್ಸುಗಳಿಗೆ ಅಲ್ಲಿ 60ರ ಮಿತಿ, ಕೆಳ ಗೇರಿನಲ್ಲೇ ಇಳಿಯಬೇಕು. ಟ್ರೇಲರ್ ಇರುವಾಗ ನೀನೂ ಹಾಗೇ ಇಳಿ.

ಆಗುಂಬೆ ಘಾಟಿಯ 14 ತಿರುವುಗಳನ್ನು ನಮ್ಮ ಬಸ್ಸಿನವರು ಇಳಿಯುವುದನ್ನು ನೆನಪು ಮಾಡಿಕೋ. ಹತ್ತುವ ಗೇರಿನಲ್ಲೇ ಇಳಿಯಬೇಕು ಅನ್ನುತ್ತಾರೆ ಅಲ್ವಾ? ಎಂಜಿನ್ ಗೊರ್ ಅನ್ನುತ್ತಿರುತ್ತದೆ, ಬ್ರೇಕಿನ ಕೆಲಸ ಕಡಿಮೆ. ನಿನ್ನದು ಆಟೊಮ್ಯಾಟಿಕ್ ಕಾರು, 'ಡಿ'ಯಲ್ಲೇ ಬಿಟ್ಟರೆ ಅದು ಮೇಲಿನ ಗೇರಿಗೆ ಹೋಗಿ ತೇಲುತ್ತದೆ. ಇಳಿಜಾರು ಶುರುವಾಗುವ ಮೊದಲೇ ಕೆಳ ಗೇರಿಗೆ ಹಾಕು. ಬ್ರೇಕನ್ನು ಸುಮ್ನೆ ಒತ್ತಿಕೊಂಡೇ ಕೂರಬೇಡ, ಕಾದು ಕಾದು ಹಿಡಿತ ಹೋಗುತ್ತದೆ. ಒಮ್ಮೆ ಒತ್ತಿ ವೇಗ ಇಳಿಸು, ಬಿಡು, ಅದಕ್ಕೆ ಆರಲು ಸಮಯ ಕೊಡು. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸು.

ಹಿಂದಕ್ಕೆ ತೆಗೆಯುವುದನ್ನು ಬರೆದು ಕಲಿಸಲು ಆಗುವುದಿಲ್ಲ. ಸ್ಟೇರಿಂಗಿನ ತಳಭಾಗದಲ್ಲಿ ಕೈ ಹಿಡಿದು, ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಒಯ್ಯಬೇಕು. ಸ್ವಲ್ಪ ಸ್ವಲ್ಪವೇ. ಓದಿದರೆ ಸುಲಭ ಅನ್ನಿಸುತ್ತದೆ, ಕೂತಾಗ ತಲೆ ತಿರುಗುತ್ತದೆ. ಜನವರಿ ಎರಡನೇ ವಾರ ನಾನು ಮೆಲ್ಬರ್ನ್‌ಗೆ ವಾಪಸ್ ಬರುತ್ತೇನೆ. ಅದರ ಮುಂದಿನ ಭಾನುವಾರ ಬೆಳಿಗ್ಗೆ ಒಂದು ದಿನಕ್ಕೆ ಖಾಲಿ ಟ್ರೇಲರ್ ಬಾಡಿಗೆಗೆ ತಗೊಂಡು ನಮ್ಮ ಮನೆಗೆ ಬಾ. ಹತ್ತಿರದಲ್ಲೇ ದೊಡ್ಡ ಪಾರ್ಕಿಂಗ್ ಜಾಗ ಇದೆ, ಆ ಹೊತ್ತಿಗೆ ಯಾರೂ ಇರುವುದಿಲ್ಲ. ಹಿಂದೆ ನಿಂತು ನಾನು ಕೈ ತೋರಿಸುತ್ತೇನೆ. ಮನೆಯ ತಕ್ಕಡಿ ತರುವುದು ಮರೆಯಬೇಡ, ನಮ್ಮನೆಯದು ಕೆಟ್ಟಿದೆ.