ನಡುವೆ ನಿಲ್ಲುವ ಗೊರಕೆ ಮತ್ತು ಮರೆವು

ಪ್ರಶ್ನೆ: ನಮ್ಮ ತಂದೆಯವರಿಗೆ 71 ವರ್ಷ. ಸಣ್ಣ ಮೈಕಟ್ಟಿನ ನಿವೃತ್ತ ಶಿಕ್ಷಕರು. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿರುವವರು ಒಮ್ಮೆಲೇ ಸದ್ದಡಗಿ, ಸ್ವಲ್ಪ ಹೊತ್ತಿನ ಮೇಲೆ ಉಸಿರು ಕಟ್ಟಿದವರಂತೆ ಬೆಚ್ಚಿಬೀಳುತ್ತಾರೆಂದು ಅಮ್ಮ ಹೇಳುತ್ತಾರೆ. ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ಬೆಳಿಗ್ಗೆ ಪತ್ರಿಕೆ ಕೈಯಲ್ಲಿರುವಾಗಲೇ ತೂಕಡಿಸುತ್ತಾರೆ. ಈಚೆಗೆ ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಲೆಕ್ಕದಲ್ಲಿ ತಪ್ಪುವುದು ಹೆಚ್ಚಾಗಿದೆ. ಇದು ಅರಳುಮರಳೇ? ನಿದ್ರೆ ಮಾತ್ರೆ ಕೊಡಿಸಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ನಿದ್ರೆ ಮಾತ್ರೆಯನ್ನು ನೀವಾಗಿ ಕೊಡಿಸಬೇಡಿ. ಅಂತಹ ಕೆಲವು ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುತ್ತವೆ, ಮದ್ಯವೂ ಅಷ್ಟೆ. ನಿಮ್ಮ ತಾಯಿ ಗಮನಿಸಿರುವುದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ರೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ತೊಂದರೆಯ ಲಕ್ಷಣವಿರಬಹುದು. ಗಂಟಲಿನ ದಾರಿ ಮುಚ್ಚಿಕೊಂಡು 10 ಸೆಕೆಂಡಿಗೂ ಹೆಚ್ಚು ಕಾಲ ಉಸಿರು ಕಟ್ಟಿದಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಗೊಂಡು ಎಬ್ಬಿಸುತ್ತದೆ. ಮಲಗಿದವರಿಗೆ ಬೆಳಿಗ್ಗೆ ಇದರ ನೆನಪೇ ಇರುವುದಿಲ್ಲ. ಇದು ದಪ್ಪಗಿರುವವರಿಗೆ ಮಾತ್ರ ಬರುತ್ತದೆಂಬ ನಂಬಿಕೆ ಸರಿಯಲ್ಲ, ವಯಸ್ಸಾದಂತೆ ತೆಳ್ಳಗಿನವರಲ್ಲೂ ಕಾಣುತ್ತದೆ. ರಾತ್ರಿ ಮೂತ್ರಕ್ಕೆ ಏಳುವುದನ್ನು ನಾವು ಪ್ರಾಸ್ಟೇಟ್‌ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ತಲೆಗೆ ಕಟ್ಟಿ ಸುಮ್ಮನಾಗುತ್ತೇವೆ. ಆದರೆ ಮುಚ್ಚಿದ ಗಂಟಲಿನ ಎದುರು ಉಸಿರೆಳೆಯಲು ಎದೆ ಹೆಣಗುವಾಗ ಹೃದಯದ ಮೇಲ್ಕೋಣೆಗಳು ಹಿಗ್ಗಿ, ಮೂತ್ರವನ್ನು ಹೆಚ್ಚಿಸುವ ಹಾರ್ಮೋನೊಂದು ಬಿಡುಗಡೆಯಾಗುವುದೂ ಉಂಟು.

ಇನ್ನು ಮರೆವಿನ ವಿಷಯ. ಈ ತೊಂದರೆಯಲ್ಲಿ ಮೊದಲು ಪೆಟ್ಟು ತಿನ್ನುವುದು ಸಾಮಾನ್ಯವಾಗಿ ಗಮನ ಮತ್ತು ಕೆಲಸಗಳನ್ನು ಕ್ರಮವಾಗಿ ನಡೆಸುವ ಶಕ್ತಿ. ಒಲೆಯ ಮೇಲಿನ ಹಾಲು ಮರೆಯುವುದಕ್ಕೆ ಅಷ್ಟೇ ಸಾಕು. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಸರಾಸರಿ 82 ವರ್ಷದ 298 ಮಹಿಳೆಯರನ್ನು ಸುಮಾರು ಐದು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ, ನಿದ್ರೆಯಲ್ಲಿ ಉಸಿರಾಟದ ತೊಂದರೆಯಿದ್ದವರಲ್ಲಿ ಸುಮಾರು ಶೇ 45ರಷ್ಟು, ಇಲ್ಲದವರಲ್ಲಿ ಶೇ 31ರಷ್ಟು ಮಂದಿಗೆ ಅರಿವಿನ ಕುಂದು ಅಥವಾ ಡಿಮೆನ್ಷಿಯಾ (ನೀವು ಕೇಳಿದ ಅರಳುಮರಳು) ಕಂಡುಬಂದಿತ್ತು. ನಿದ್ರೆ ಎಷ್ಟು ಸಲ ಮುರಿಯಿತು ಎಂಬುದಕ್ಕಿಂತ ಆಮ್ಲಜನಕದ ಕೊರತೆಗೇ ಅಲ್ಲಿ ಹೆಚ್ಚಿನ ನಂಟು ಕಂಡಿತು. ನಂಟು ಕಂಡ ಮಾತ್ರಕ್ಕೆ ಇದೇ ಕಾರಣವೆಂದು ಹೇಳಲಾಗದು; ಥೈರಾಯ್ಡ್, ಬಿ12 ಕೊರತೆ, ಖಿನ್ನತೆಗಳೂ ಮರೆವು ತರುವುದರಿಂದ ಅವುಗಳ ಪರೀಕ್ಷೆಯೂ ಆಗಲಿ.

ತಂದೆಯವರು ಮಲಗಿದಾಗ ಮೊಬೈಲಿನಲ್ಲಿ ಹತ್ತು ನಿಮಿಷದ ವಿಡಿಯೊ ಮಾಡಿಕೊಂಡು ಶ್ವಾಸಕೋಶ ಅಥವಾ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ, ಸಾಧ್ಯವಾದರೆ ಅಮ್ಮನೂ ಜೊತೆಗಿರಲಿ. ಅವರು ರಾತ್ರಿಯಿಡೀ ನಡೆಯುವ ನಿದ್ರಾ ಪರೀಕ್ಷೆ ಸೂಚಿಸಬಹುದು. ಗಂಟೆಗೆ 5ರಿಂದ 15 ಬಾರಿ ಉಸಿರಾಟಕ್ಕೆ ಅಡ್ಡಿಯಾದರೆ ಸೌಮ್ಯ, 30 ದಾಟಿದರೆ ತೀವ್ರ. ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಮುಖಕವಚದ ಮೂಲಕ ಒತ್ತಡದ ಗಾಳಿ ಹಾಯಿಸಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ. ಹಗಲಿನ ತೂಕಡಿಕೆ ಇದರಿಂದ ಬಹುಮಟ್ಟಿಗೆ ತಗ್ಗುತ್ತದೆ. ನೆನಪಿನ ಲಾಭ ಮಾತ್ರ ಎಲ್ಲರಲ್ಲೂ ಒಂದೇ ಸಮನಲ್ಲ, ಆಗಲೇ ಬೇರೂರಿದ ಡಿಮೆನ್ಷಿಯಾವನ್ನು ಅದು ಅಳಿಸುವುದೂ ಇಲ್ಲ. ಮೊದಲ ವಾರಗಳಲ್ಲಿ ಮುಖಕವಚ ಕಿರಿಕಿರಿಯೆನಿಸಿ ಅನೇಕರು ಯಂತ್ರವನ್ನು ಅಟ್ಟಕ್ಕೆ ಸೇರಿಸಿಬಿಡುತ್ತಾರೆ. ಹಾಗಾಗುವ ಮೊದಲು ಮುಖಕವಚದ ಅಳತೆ ಬದಲಿಸಿ ಕೊಡುವಂತೆ ಕೇಳಿ. ಚಿಕಿತ್ಸೆ ಶುರುವಾಗುವವರೆಗೆ ಮಗ್ಗುಲಾಗಿ ಮಲಗಿಸಿ ನೋಡಿ. ತಂದೆಯವರು ಸ್ಕೂಟರ್ ಓಡಿಸುತ್ತಿದ್ದರೆ, ಹಗಲಿನ ತೂಕಡಿಕೆ ನಿಲ್ಲುವ ತನಕ ಕೀಲಿ ನಿಮ್ಮ ಬಳಿಯೇ ಇರಲಿ.