ಅಂಗಿ ತೊಡಿಸಿಕೊಂಡ ಮಳೆಗಾಲ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮಗೆ 69 ವರ್ಷ, ಪತ್ನಿ ತೀರಿಕೊಂಡು ಎರಡು ವರ್ಷವಾಗಿದೆ, ಹುಟ್ಟಿನಿಂದ ಕ್ರೈಸ್ತರಾಗಿದ್ದರೂ ಈಗ ಜಪಸರ ಹಿಡಿದು ಕುಳಿತರೆ ತುಟಿ ಮಾತ್ರ ಅಲುಗುತ್ತದೆ, ಮನಸ್ಸು ಬರಿದಾಗಿರುತ್ತದೆ ಎಂದು ಬರೆದಿದ್ದೀರಿ. ಈ ವಯಸ್ಸಿನಲ್ಲಿ ನಿರೀಕ್ಷೆಯೂ ವಿಶ್ವಾಸವೂ ಮತ್ತೆ ಚಿಗುರುವುದುಂಟೇ ಎಂದು ಕೇಳಿದ್ದೀರಿ. ನಾನು ಕಾರವಾರದ ಕೋಡಿಬಾಗದಲ್ಲಿರುವ 76 ವರ್ಷದ ನಿವೃತ್ತ ಕನ್ನಡ ಮಾಸ್ತರ, ಕೆಥೋಲಿಕ, ನಿಮ್ಮಂತೆಯೇ ವಿಧುರ. ದೇವಶಾಸ್ತ್ರ ಓದಿದವನಲ್ಲ. ಆದುದರಿಂದ ನನಗಾದದ್ದನ್ನು ಮಾತ್ರ ಹೇಳಬಲ್ಲೆ.

ಮೊದಲು, ಪ್ರಾರ್ಥನೆಯಲ್ಲಿ ಮನಸ್ಸು ಬರಿದಾಗಿರುವುದನ್ನು ವಿಶ್ವಾಸ ಸತ್ತುಹೋದದ್ದರ ಗುರುತೆಂದು ತಿಳಿಯಬೇಡಿ. ಬೈಬಲಿನ ಕೀರ್ತನೆಗಳಲ್ಲಿ 71ನೆಯದನ್ನು ತೆರೆದು ನೋಡಿದರೆ ಅಲ್ಲಿರುವುದು ಸಮಾಧಾನಗೊಂಡ ಮುದುಕನ ಹಾಡಲ್ಲ. ಬಲ ಕುಂದುತ್ತಿರುವಾಗ, ತಲೆ ನರೆತಿರುವಾಗ ನನ್ನನ್ನು ಕೈಬಿಡಬೇಡ ಎಂದು ದೇವರನ್ನು ಅಂಗಲಾಚುವವನ ಮೊರೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಗೊಂದು ಸಾಂತ್ವನದ ಸಾಲೂ ಇಲ್ಲ. ಅದನ್ನೂ ಪ್ರಾರ್ಥನೆಯೆಂದು ಉಳಿಸಿಕೊಂಡು ಬಂದವರ ನಡುವೆ ನಿಮ್ಮ ಬರಿದಾದ ಮನಸ್ಸಿಗೂ ಜಾಗವಿದೆ.

ಇನ್ನು ನನ್ನ ಕಥೆ. ಒಂದು ಮೇ ತಿಂಗಳ ಕೊನೆಯಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ಎಡಭುಜಕ್ಕೂ ಪೆಟ್ಟಾಗಿ ಆ ಕೈ ಮೇಲೇಳದಂತಾಯಿತು. ಕುವೈತಿನಲ್ಲಿರುವ ಮಗ ರಜೆ ಹಾಕಿ ಬಂದು, ಶಸ್ತ್ರಚಿಕಿತ್ಸೆ ಮಾಡಿಸಿ, ಹದಿನೈದು ದಿನಕ್ಕೆ ಹಿಂತಿರುಗಿದ. ಅಡುಗೆಗೆ ಒಬ್ಬ ಹೆಂಗಸು ಬರುತ್ತಿದ್ದಳು, ಆದರೆ ಅಂಗಿ ತೊಡಿಸಲು ಅವಳನ್ನು ಹೇಗೆ ಕೇಳುವುದು? ಆಗ ಬಂದವನು ಪಕ್ಕದ ಮನೆಯ ಖಾರ್ವಿ ಹುಡುಗ, ಮೀನುಗಾರರ ಜಾತಿಯವನು. ಹುಡುಗನೆಂದರೂ ನಲವತ್ತು ದಾಟಿದವನು, ಒಂದು ಕಾಲದಲ್ಲಿ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನನ್ನಿಂದ ಪೆಟ್ಟು ತಿಂದವನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಅವನು ಮನೆಯಲ್ಲಿದ್ದ. ದಿನಾ ಬೆಳಿಗ್ಗೆ ಮಳೆಯಲ್ಲಿ ನೆನೆದುಕೊಂಡೇ ಬಂದು, ಬಲೆ ಹೆಣೆದು ದಡ್ಡುಗಟ್ಟಿದ ಬೆರಳುಗಳಿಂದ ನನ್ನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತಿದ್ದ. ಮೊದಲ ದಿನ ನಾನು ಕೈಯನ್ನು ಮೈಗೆ ಅವಚಿಕೊಂಡೇ ಕುಳಿತಿದ್ದೆ. "ಮಾಸ್ತರ್ರೇ, ನೀವು ಕೈ ಚಾಚದಿದ್ದರೆ ನಾನು ತೋಳು ತೂರಿಸುವುದು ಹೇಗೆ?" ಎಂದು ನಮ್ಮ ಕೊಂಕಣಿಯಲ್ಲಿ ಕೇಳಿದ. ನನಗೆ ಸಿಟ್ಟು ಬಂತು. ನಾಚಿಕೆಯಾದಾಗ ಸಿಟ್ಟಾಗುವುದು ಮಾಸ್ತರರ ಹಳೆಯ ಚಾಳಿ.

ಅಂದು ಮಧ್ಯಾಹ್ನ ಮಲಗಿದ್ದಾಗ ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯ ನೆನಪಾಯಿತು. ಪುನರುತ್ಥಾನದ ನಂತರ ಸರೋವರದ ದಡದಲ್ಲಿ, ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರಿಗೆ ಉಣಬಡಿಸಿದ ಮೇಲೆ, ಯೇಸುಸ್ವಾಮಿ ಶಿಷ್ಯ ಪೇತ್ರನಿಗೆ ಹೇಳುವ ಮಾತದು: ಯೌವನದಲ್ಲಿ ನೀನೇ ನಡುಕಟ್ಟಿಕೊಂಡು ಇಷ್ಟಬಂದಲ್ಲಿಗೆ ಹೋಗುತ್ತಿದ್ದೆ, ಮುದುಕನಾದಾಗ ಕೈ ಚಾಚುವೆ, ಬೇರೊಬ್ಬನು ನಿನಗೆ ನಡುಕಟ್ಟಿ ನಿನಗಿಷ್ಟವಿಲ್ಲದ ಕಡೆಗೆ ಕರೆದೊಯ್ಯುವನು. ಇದು ಪೇತ್ರನ ಮರಣವನ್ನು ಸೂಚಿಸಿ ಆಡಿದ ಮಾತೆಂದು ಮುಂದಿನ ವಾಕ್ಯದಲ್ಲೇ ಇದೆ, ಅದನ್ನು ನನ್ನ ಅಂಗಿಯ ಮಟ್ಟಕ್ಕೆ ಇಳಿಸಿದ್ದು ಸ್ವಲ್ಪ ಅತಿಯಾಯಿತೆಂದು ಒಪ್ಪುತ್ತೇನೆ. ಆದರೆ ಅದರ ಬೆನ್ನಿಗೇ ಬರುವ ಮಾತನ್ನು ಅಷ್ಟು ವರ್ಷ ನಾನು ಗಮನಿಸಿರಲಿಲ್ಲ: "ನನ್ನನ್ನು ಹಿಂಬಾಲಿಸು." ಸ್ವಂತ ಕಾಲಿನ ಮೇಲೆ ಓಡಾಡುವ ದಿನಗಳು ಮುಗಿಯುತ್ತವೆ ಎಂದು ಹೇಳಿದ ಮೇಲೆ ಹಿಂಬಾಲಿಸಲು ಕರೆಯುತ್ತಾರೆ. ಅಂದರೆ ಹಿಂಬಾಲಿಸುವುದಕ್ಕೆ ಗಟ್ಟಿ ಕಾಲುಗಳು ಬೇಕೆಂದಿಲ್ಲ, ಕೈ ಚಾಚುವುದೂ ಸಲ್ಲುತ್ತದೆ.

ಕನ್ನಡ ಕಲಿಸಿದವನ ಚಪಲವೊಂದನ್ನು ಸಹಿಸಿಕೊಳ್ಳಿ. ವಿಶ್ವಾಸ, ನಿರೀಕ್ಷೆ, ಪ್ರೀತಿ ಎಂದು ಪೌಲರು ಹೇಳುವ ಮೂರರಲ್ಲಿ ನಡುವಿನದನ್ನು ನಾವು ಮಾತಿನಲ್ಲಿ ಭರವಸೆ ಎಂದೂ ಅನ್ನುತ್ತೇವೆ. ಆದರೆ ಭರವಸೆಯನ್ನು ಕೊಡುವವನು ಇನ್ನೊಬ್ಬ; ನಿರೀಕ್ಷಿಸುವವರು, ಎಂದರೆ ದಾರಿಯ ಕಡೆಗೆ ಕಣ್ಣಿಟ್ಟು ಕೂರುವವರು ನಾವು. ಭರವಸೆಯನ್ನು ನಮ್ಮೊಳಗೇ ತಯಾರಿಸಿಕೊಳ್ಳಲು ಹೆಣಗಿದ್ದರಿಂದಲೇ ನಾನು ಅಷ್ಟು ದಣಿದಿದ್ದೆ ಎಂದು ಈಗ ಅನಿಸುತ್ತದೆ. ಲೂಕರ ಶುಭಸಂದೇಶದಲ್ಲಿ, ದೇವಾಲಯದಲ್ಲಿ ಕಾದಿದ್ದ ಸಿಮೆಯೋನನೂ, 84 ವರ್ಷದ ವಿಧವೆ ಅನ್ನಳೂ ಬಹುಕಾಲದ ನಿರೀಕ್ಷೆಯ ಕೊನೆಗೆ ಕಂಡದ್ದಾದರೂ ಏನು? ರಾಜ್ಯವಲ್ಲ, ಬಿಡುಗಡೆಯಲ್ಲ, ಬಡ ತಂದೆತಾಯಿ ಎತ್ತಿಕೊಂಡು ಬಂದ ನಲವತ್ತು ದಿನದ ಕೂಸು ಯೇಸು. ಆ ಕೂಸು ದೊಡ್ಡದಾಗಿ ಏನು ಮಾಡಿತೆಂಬುದನ್ನು ನೋಡಲು ತಾನು ಉಳಿಯುವುದಿಲ್ಲವೆಂದು ತಿಳಿದೂ ಸಿಮೆಯೋನನು ಇನ್ನು ನನ್ನನ್ನು ಸಮಾಧಾನದಿಂದ ಕಳುಹಿಸಿಕೊಡು ಎಂದ.

ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಪೋಪ್ ಫ್ರಾನ್ಸಿಸರು 2021ರಲ್ಲಿ ಅಜ್ಜ-ಅಜ್ಜಿಯರ ಮತ್ತು ಹಿರಿಯರ ದಿನವೆಂದು ಗೊತ್ತುಮಾಡಿದರು. ಅಂದು ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ವಯಸ್ಸಾದವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರವಿದೆಯೆಂದು ಫಾದರ್ ಹೇಳಿ ಕಳುಹಿಸಿದಾಗ ನಾನು ಬರುವುದಿಲ್ಲವೆಂದೆ. ನನ್ನ ಬಾಲ್ಯದಲ್ಲಿ ಅದಕ್ಕೆ ಅಂತಿಮ ಅಭ್ಯಂಗವೆಂದೇ ಹೆಸರು. ಫಾದರ್ ಎಣ್ಣೆ ಹಿಡಿದು ಬಂದರೆಂದರೆ ಮನೆಯವರು ಅಳಲು ತೊಡಗುತ್ತಿದ್ದರು. ಕೆಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ, ಆ ವಿಧಿಯನ್ನು ಪರಿಷ್ಕರಿಸಲಾಗಿದ್ದು, ಈಗ ಮುಪ್ಪಿನಿಂದ ಬಲಗುಂದಿದವರೂ ಬೇರೆ ದೊಡ್ಡ ಕಾಯಿಲೆಯಿಲ್ಲದೆಯೇ ಅದನ್ನು ಪಡೆಯಬಹುದು ಎಂಬುದು ಓದಿ ಗೊತ್ತಿತ್ತು, ಆದರೆ ಓದಿದ್ದು ಮೈಗೆ ಹತ್ತಿರಲಿಲ್ಲ. ಕಡೆಗೆ ಪಕ್ಕದ ಮನೆಯವನೂ ಅವನ ಭಾವನೂ, ಇಬ್ಬರೂ ಹಿಂದೂಗಳು, ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಗರ್ಜಿಯ ಮೆಟ್ಟಿಲು ಹತ್ತಿಸಿದರು. ನರೆಗೂದಲು ಬರುವವರೆಗೂ ನಿಮ್ಮನ್ನು ಹೊರುವವನು ನಾನೇ ಎಂದು ಪ್ರವಾದಿ ಯೆಶಾಯನ ಗ್ರಂಥದ 46ನೆಯ ಅಧ್ಯಾಯದಲ್ಲಿ ದೇವರು ಹೇಳುವುದನ್ನು ನಾನು ಎಷ್ಟೋ ಸಲ ಓದಿದ್ದೆ, ಹೊರುವವರ ಏದುಸಿರು ಕಿವಿಗೆ ಬಿದ್ದದ್ದು ಅಂದೇ. ಫಾದರ್ ಹಣೆಗೆ ಎಣ್ಣೆ ಹಚ್ಚಿ ಅಂಗೈ ತೋರಿಸಲು ಹೇಳಿದಾಗ ಎಡಗೈಯನ್ನು ನಾನೇ ಎತ್ತಲಾಗಲಿಲ್ಲ. ಹಿಂದೆ ನಿಂತವನು ಅದನ್ನು ಮೊಣಕೈಯಿಂದ ಹಿಡಿದೆತ್ತಿ ಮುಂದೆ ಚಾಚಿದ.

ಇದರಿಂದ ಭುಜ ವಾಸಿಯಾಗಲಿಲ್ಲ. ಪತ್ನಿಯಿಲ್ಲದ ಸಂಜೆಗಳೂ ತುಂಬಿಕೊಳ್ಳಲಿಲ್ಲ. ತುಂಬುತ್ತವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಜಪಸರ ಹಿಡಿದಾಗ ಭಾವ ಉಕ್ಕಲಿ ಎಂದು ಕಾಯುವುದನ್ನು ಬಿಟ್ಟೆ. ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದವನ್ನು, ಎಂದರೆ ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯನ್ನು, ಮನೆಗೆ ತರುತ್ತಾರೆ, ಕೈ ಚಾಚುತ್ತೇನೆ, ಸಿಗುತ್ತದೆ.

ನೀವೂ ನಿಮ್ಮ ಇಗರ್ಜಿಯ ಫಾದರಿಗೆ ಒಂದು ಫೋನ್ ಮಾಡಿ, ಮನೆಗೆ ಬನ್ನಿ ಎಂದು ನೀವಾಗಿಯೇ ಕೇಳಿ. ಕೇಳುವುದು ಕಷ್ಟ, ಬಲ್ಲೆ. ನಮ್ಮ ಖಾರ್ವಿ ಆಗಸ್ಟ್ 1ಕ್ಕೆ ದೋಣಿಗೆ ಹೋದ ಮೇಲೆ ನಾನೂ ಅಡುಗೆಯ ಹೆಂಗಸನ್ನು ಕೇಳಲೇಬೇಕಾಯಿತು. ಅವಳು ಕೈ ಒರೆಸಿಕೊಂಡು ಬಂದು ಗುಂಡಿ ಹಾಕಿ, ಏನೂ ಹೇಳದೆ ಒಲೆಯ ಕಡೆಗೆ ಹೋದಳು.